ಕ್ಲೈಂಬಿಂಗ್ ಗೋಡೆಯ ಕೆಳಗೆ: ಮ್ಯಾಟ್ ಹೇಗಿರಬೇಕು, ಬಿದ್ದಾಗ ಏನಾಗುತ್ತದೆ

ಶಾಲೆಯಲ್ಲೋ ಅಪಾರ್ಟ್‌ಮೆಂಟಿನಲ್ಲೋ ಹೊಸ ಜಿಮ್‌ನಲ್ಲೋ ಕ್ಲೈಂಬಿಂಗ್ ಗೋಡೆ ಕಟ್ಟಿಸುವ ಮಾತು ಬಂದರೆ ದುಡ್ಡೆಲ್ಲ ಗೋಡೆಗೆ, ಕೈಕಾಲಿಗೆ ಹಿಡಿತ ಕೊಡುವ ಬಣ್ಣಬಣ್ಣದ ಹೋಲ್ಡ್‌ಗಳಿಗೆ ಹೋಗುತ್ತದೆ. ಕೆಳಗೆ ಏನು ಹಾಸಬೇಕು ಎಂಬ ಪ್ರಶ್ನೆ ಏಳುವುದು ಕೊನೆಯಲ್ಲಿ. ಅಷ್ಟು ಹೊತ್ತಿಗೆ ಬಜೆಟ್ ಮುಗಿದಿರುತ್ತದೆ. ಆಗ ಹಾಸಿಗೆ ಅಂಗಡಿಯಿಂದ ಒಂದಷ್ಟು ಫೋಮ್ ತಂದು, ಆಟೊ ಸೀಟಿಗೆ ಕವರ್ ಹೊಲಿಯುವವರ ಹತ್ತಿರ ರೆಕ್ಸಿನ್ ಹೊದಿಸಿ, ಸಾಲಾಗಿ ಜೋಡಿಸಿಬಿಡುತ್ತಾರೆ. ಮುಟ್ಟಿ ನೋಡಿದರೆ ಮೆತ್ತಗಿರುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಮೆತ್ತನೆಯ ಹಾಸು ತಲೆ, ಬೆನ್ನನ್ನು ಕಾಯುವ ಹಾಗೆ ಪಾದವನ್ನು ಕಾಯುವುದಿಲ್ಲ. ಎಷ್ಟೋ ಸಲ ಕಾಲು ತಿರುಚಿಕೊಳ್ಳುವುದಕ್ಕೆ ಆ ಮೆತ್ತನೆಯೇ ಕಾರಣ. ಮೈಸೂರು, ಮಂಡ್ಯದ ಕಡೆ ಇಂಥ ಗೋಡೆ ಕಟ್ಟಿಸುವವರು, ಮಕ್ಕಳನ್ನು ಕರೆದೊಯ್ಯುವ ಅಪ್ಪ ಅಮ್ಮಂದಿರು, ಪಿಟಿ ಮೇಷ್ಟ್ರುಗಳು ಇದನ್ನು ಮೊದಲೇ ತಿಳಿದುಕೊಂಡಿದ್ದರೆ ತುಂಬ ಪೆಟ್ಟುಗಳು ತಪ್ಪುತ್ತವೆ.

ಬೌಲ್ಡರಿಂಗ್ ಎಂದರೆ ಹಗ್ಗ, ಹಾರ್ನೆಸ್ (ಸೊಂಟಕ್ಕೂ ತೊಡೆಗೂ ಕಟ್ಟುವ ಪಟ್ಟಿ) ಯಾವುದೂ ಇಲ್ಲದೆ ಕುಳ್ಳ ಗೋಡೆ ಹತ್ತುವುದು. ಕೈ ಜಾರಿದರೆ ನೇರ ನೆಲಕ್ಕೆ. ಒಂದೇ ಸಂಜೆಯಲ್ಲಿ ಒಬ್ಬರೇ ಹತ್ತಾರು ಸಲ ಬೀಳುತ್ತಾರೆ, ಬೀಳುವುದು ಈ ಆಟದ ಭಾಗ. ಅದಕ್ಕೇ ಎತ್ತರಕ್ಕೆ ಮಿತಿ ಹಾಕಿದ್ದಾರೆ. ಯುರೋಪಿನ ಇಎನ್ 12572-2 ಮಾನದಂಡದ ಪ್ರಕಾರ ಬೌಲ್ಡರಿಂಗ್ ಗೋಡೆ 4.5 ಮೀಟರ್ (ಹೆಚ್ಚುಕಡಿಮೆ 15 ಅಡಿ) ದಾಟಬಾರದು. ಗೋಡೆಯ ನೆತ್ತಿಯ ಮೇಲೆ ಹತ್ತಿ ನಿಲ್ಲಲು ಬಿಡುವುದಾದರೆ 4 ಮೀಟರ್. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹತ್ತುವವರ ಮೈಯ ಅತ್ಯಂತ ಕೆಳಗಿನ ಭಾಗ ಮ್ಯಾಟಿನಿಂದ 3 ಮೀಟರ್‌ಗಿಂತ ಮೇಲೆ ಹೋಗದ ಹಾಗೆ ಹೋಲ್ಡ್‌ಗಳ ದಾರಿ ಜೋಡಿಸಬೇಕು. ಶಾಲೆಯ ಗೋಡೆಗೆ ಇಷ್ಟೆಲ್ಲ ಎತ್ತರ ಬೇಕಾಗಿಯೇ ಇಲ್ಲ. ಪ್ರಾಥಮಿಕ ಶಾಲೆಯ ಮಕ್ಕಳಿಗೆ 8 ಅಡಿ ಎತ್ತರದ, ಅಡ್ಡಕ್ಕೆ ಉದ್ದವಾಗಿ ಸಾಗುವ ಗೋಡೆ ಧಾರಾಳ ಸಾಕು.

ನಿಲ್ಲುವುದಕ್ಕೆ ಎಷ್ಟು ಜಾಗ ಸಿಗುತ್ತದೆ

ಮೂರು ಮೀಟರ್ ಮೇಲಿಂದ ಬಿದ್ದವರು ನೆಲ ಮುಟ್ಟುವಾಗ ಅವರ ವೇಗ ಗಂಟೆಗೆ ಸುಮಾರು 28 ಕಿ.ಮೀ. ಎರಡು ಮೀಟರ್ ಆದರೆ 22, ಒಂದು ಮೀಟರ್ ಆದರೆ 16. ಈ ವೇಗಕ್ಕೂ ತೂಕಕ್ಕೂ ಸಂಬಂಧವಿಲ್ಲ, ಇಪ್ಪತ್ತು ಕಿಲೋ ಮಗುವಿಗೂ ಎಂಬತ್ತು ಕಿಲೋ ಗಂಡಸಿಗೂ ಒಂದೇ. ಪೆಟ್ಟು ಎಷ್ಟು ಎಂದು ತೀರ್ಮಾನಿಸುವುದು ಆ ವೇಗ ಸೊನ್ನೆಯಾಗುವುದಕ್ಕೆ ಎಷ್ಟು ದೂರ ಸಿಕ್ಕಿತು ಎಂಬುದು. ಲೆಕ್ಕ ಸುಲಭ: ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿದರೆ, ಮೈ ಮೇಲೆ ಗುರುತ್ವಾಕರ್ಷಣೆಯ ಎಷ್ಟು ಪಟ್ಟು ಒತ್ತಡ ಬಿತ್ತು ಎಂಬ ಸರಾಸರಿ ಸಿಗುತ್ತದೆ.

ಫೋಮ್ ತನ್ನ ಪೂರ್ತಿ ದಪ್ಪದಷ್ಟು ಕುಗ್ಗುವುದಿಲ್ಲ. ಮೂರರಲ್ಲಿ ಎರಡು ಪಾಲು ಕುಗ್ಗುವ ಹೊತ್ತಿಗೆ ಒಳಗಿನ ಗೂಡುಗಳೆಲ್ಲ ಒತ್ತಿಕೊಂಡು ಗಟ್ಟಿಯಾಗುತ್ತವೆ. ಹಾಗಾಗಿ 30 ಸೆಂ.ಮೀ. (12 ಇಂಚು) ಮ್ಯಾಟ್ ಕೊಡುವುದು 20 ಸೆಂ.ಮೀ. ಜಾಗ. ಬೆನ್ನಡಿಯಾಗಿ ಮೂರು ಮೀಟರ್ ಬಿದ್ದವರಿಗೆ ಅದು 15 ಪಟ್ಟು ಒತ್ತಡ. 10 ಸೆಂ.ಮೀ. ಮ್ಯಾಟ್ ಆದರೆ ಸಿಗುವುದು ಆರೇಳು ಸೆಂ.ಮೀ., ಒತ್ತಡ 45 ಪಟ್ಟು ದಾಟುತ್ತದೆ. ಕರಾಟೆ ತರಗತಿಗಳಲ್ಲಿ ಹಲ್ಲಿಗೆ ಹಲ್ಲು ಸೇರಿಸಿ ಜೋಡಿಸುವ ಎರಡು ಸೆಂ.ಮೀ. ಈವಿಎ (ರಬ್ಬರಿನಂಥ ಗಟ್ಟಿ ಫೋಮ್) ಮ್ಯಾಟ್‌ಗೆ ಬಂದರೆ ಅದು 200 ಪಟ್ಟಿಗೂ ಮೇಲೆ. ಆ ಮ್ಯಾಟ್ ಕುಸ್ತಿ, ಕರಾಟೆಯಲ್ಲಿ ನಿಂತ ಜಾಗದಿಂದ ಬೀಳುವವರಿಗಾಗಿ ಮಾಡಿದ್ದು. ಹತ್ತಡಿ ಗೋಡೆಯ ಕೆಳಗೆ ಅದನ್ನು ಹಾಸುವುದೂ ಒಂದೇ, ಬರಿಯ ಸಿಮೆಂಟ್ ನೆಲ ಬಿಡುವುದೂ ಒಂದೇ.

ಕಾಲಿನ ಮೇಲೆ ಬಿದ್ದು ಮಂಡಿ ಬಾಗಿಸಿದರೆ ನಮ್ಮ ಕಾಲೇ ಇನ್ನೊಂದು 40–50 ಸೆಂ.ಮೀ. ಜಾಗ ಕೊಡುತ್ತದೆ. ಯಾವ ಮ್ಯಾಟೂ ಅಷ್ಟು ಕೊಡುವುದಿಲ್ಲ. ಬೀಳುವ ರೀತಿಯನ್ನು ಕಲಿಸಬೇಕು ಎನ್ನುವುದು ಇದಕ್ಕೇ, ಅದನ್ನು ಮುಂದೆ ನೋಡೋಣ.

ಮೇಲೆ ಗಟ್ಟಿ, ಕೆಳಗೆ ಮೆತ್ತಗೆ

ಒಳ್ಳೆಯ ಬೌಲ್ಡರಿಂಗ್ ಮ್ಯಾಟ್ ಕತ್ತರಿಸಿ ನೋಡಿದರೆ ಕನಿಷ್ಠ ಎರಡು ಪದರ ಕಾಣುತ್ತದೆ. ಅಡಿಯಲ್ಲಿ 20–25 ಸೆಂ.ಮೀ. ಮೆತ್ತನೆಯ ಪಾಲಿಯುರೆಥೇನ್ ಫೋಮ್, ಗಾಳಿ ಒಳಗೆ ಹೊರಗೆ ಆಡುವಂಥದ್ದು. ಅದರ ಮೇಲೆ 3–5 ಸೆಂ.ಮೀ. ಗಟ್ಟಿ ಪದರ: ಗಾಳಿಯಾಡದ ಪಾಲಿಥಿಲೀನ್ ಫೋಮ್ ಅಥವಾ ಫೋಮ್ ಚೂರುಗಳನ್ನು ಒತ್ತಿ ಮಾಡಿದ ರೀಬಾಂಡೆಡ್. ಎಲ್ಲದರ ಮೇಲೆ ದಪ್ಪ ಪಿವಿಸಿ ಬಟ್ಟೆಯ ಹೊದಿಕೆ.

ಗಟ್ಟಿ ಪದರ ಮೇಲೇ ಯಾಕೆ? ಪಾದದ ತಳ ಅಂಗೈಯಷ್ಟೇ ಅಗಲ. ಬರೀ ಮೆತ್ತನೆಯ ಫೋಮ್ ಮೇಲೆ ಬಿದ್ದಾಗ ಇಡೀ ಮೈಭಾರ ಆ ಸಣ್ಣ ಜಾಗಕ್ಕೆ ಬಿದ್ದು ಪಾದ ಒಳಕ್ಕೆ ಹೂತುಹೋಗುತ್ತದೆ. ಸುತ್ತಲಿನ ಫೋಮ್ ಪಾದವನ್ನು ಹಿಡಿದುಕೊಳ್ಳುತ್ತದೆ. ಮೈ ಮಾತ್ರ ಇನ್ನೂ ತಿರುಗುತ್ತಲೇ ಇರುತ್ತದೆ, ಯಾಕೆಂದರೆ ಗೋಡೆಯಿಂದ ಜಾರಿದವರು ನೆಟ್ಟಗೆ ಬೀಳುವುದು ಅಪರೂಪ. ಕೆಳಗೆ ಪಾದ ಸಿಕ್ಕಿಕೊಂಡು ಮೇಲೆ ಮೈ ತಿರುಗಿದರೆ ನಡುವೆ ಇರುವುದು ಪಾದದ ಕೀಲು ಮತ್ತು ಮಂಡಿ. ಉಳುಕು, ಮೂಳೆಗಳನ್ನು ಬಿಗಿದಿಡುವ ಲಿಗಮೆಂಟ್ ಹರಿಯುವುದು, ಕೀಲಿನ ಬದಿಯ ಮೂಳೆ ಮುರಿಯುವುದು ಎಲ್ಲ ಇಲ್ಲಿಂದಲೇ. ಮೇಲೆ ಗಟ್ಟಿ ಪದರ ಇದ್ದರೆ ಅದು ಭಾರವನ್ನು ಅಗಲಕ್ಕೆ ಹಂಚುತ್ತದೆ. ಪಾದ ಹೂತುಹೋಗದೆ ಆ ಪದರದ ಜೊತೆಗೇ ತಗ್ಗುತ್ತದೆ, ಪಕ್ಕಕ್ಕೆ ಉರುಳಲು ಮೈಗೆ ಬಿಡುವು ಸಿಗುತ್ತದೆ.

ಮೈಸೂರಿನವರಿಗೆ ಗರಡಿಮನೆಯ ಮಟ್ಟಿ ಗೊತ್ತಿರುವುದರಿಂದ ಇದು ಬೇಗ ಅರ್ಥವಾಗುತ್ತದೆ. ಗರಡಿಯ ಕೆಮ್ಮಣ್ಣನ್ನು ಅಗೆದು ಹದ ಮಾಡುತ್ತಾರೆ. ಬೆನ್ನಿಗೆ ಪೆಟ್ಟಾಗದಷ್ಟು ಸಡಿಲವಿರಬೇಕು, ಪೈಲ್ವಾನರ ಹೆಜ್ಜೆ ಹೂತು ಕಾಲು ತಿರುಚದಷ್ಟು ಬಿಗಿಯೂ ಇರಬೇಕು. ಕ್ಲೈಂಬಿಂಗ್ ಮ್ಯಾಟ್ ಮಾಡುವವರು ಹುಡುಕುವುದೂ ಇದೇ ಹದ.

ಫೋಮ್ ಕೊಳ್ಳುವಾಗ ಅಂಗಡಿಯವರು ‘ಎಷ್ಟು ಡೆನ್ಸಿಟಿ ಬೇಕು?’ ಎಂದು ಕೇಳುತ್ತಾರೆ. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದು. ಅದು ಬಾಳಿಕೆಯ ಅಳತೆ, ಗಟ್ಟಿತನದ ಅಳತೆಯಲ್ಲ. 32 ಡೆನ್ಸಿಟಿಯಲ್ಲೇ ಗಟ್ಟಿಯೂ ಸಿಗುತ್ತದೆ, ಮೆತ್ತಗಿನದೂ ಸಿಗುತ್ತದೆ. ಕಡಿಮೆ ಡೆನ್ಸಿಟಿಯ ಫೋಮ್ ಮೊದಲ ತಿಂಗಳು ಚೆನ್ನಾಗಿಯೇ ಇದ್ದು, ಎಲ್ಲರೂ ಬೀಳುವ ಜಾಗದಲ್ಲಿ ಬೇಗ ಸತ್ತುಹೋಗುತ್ತದೆ. ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನಾರಿನ ಹಾಸಿಗೆ, ಹತ್ತಿ ಹಾಸಿಗೆ, ಸ್ಪ್ರಿಂಗ್ ಹಾಸಿಗೆ ಈ ಕೆಲಸಕ್ಕೆ ಆಗುವುದೇ ಇಲ್ಲ. ಸ್ಪ್ರಿಂಗ್ ಹಾಸಿಗೆಯಂತೂ ಬಿದ್ದವರನ್ನು ಮತ್ತೆ ಮೇಲಕ್ಕೆ ಎಸೆಯುತ್ತದೆ.

ಸ್ಥಳೀಯವಾಗಿ ಹೊಲಿಸುವವರು ಸಾಮಾನ್ಯವಾಗಿ ಮರೆಯುವ ವಿಷಯ ಗಾಳಿ. ಮೆತ್ತನೆಯ ಫೋಮ್ ಕುಗ್ಗಬೇಕಾದರೆ ಒಳಗಿನ ಗಾಳಿ ಹೊರಗೆ ಹೋಗಬೇಕು. ನಾಲ್ಕೂ ಕಡೆ ರೆಕ್ಸಿನ್ ಒತ್ತಾಗಿ ಹೊಲಿದು ಮುಚ್ಚಿದರೆ ಗಾಳಿಗೆ ದಾರಿಯಿಲ್ಲದೆ ಮ್ಯಾಟ್ ಉಬ್ಬಿ ನಿಲ್ಲುತ್ತದೆ, ಬಿದ್ದವರು ಪುಟಿದು ಪಕ್ಕಕ್ಕೆ ಜಾರುತ್ತಾರೆ. ಇಲ್ಲವೇ ಒಂದು ದಿನ ಹೊಲಿಗೆಯೇ ಪಟ್ ಎಂದು ಬಿಚ್ಚಿಕೊಳ್ಳುತ್ತದೆ. ಮ್ಯಾಟಿನ ಎರಡು ಬದಿಗಳಲ್ಲಾದರೂ ಉದ್ದಕ್ಕೆ ಜಾಲರಿ ಬಟ್ಟೆಯ ಪಟ್ಟಿ ಇಡಿಸಿ. ಜಿಪ್ ಕೂಡ ಇರಲಿ, ಒಳಗಿನ ಫೋಮ್ ತೆಗೆದು ನೋಡಲು, ತಿರುಗಿಸಲು, ಬದಲಿಸಲು ಅದು ಬೇಕೇ ಬೇಕು.

ಸಂದು ಎಂಬ ಶತ್ರು

ಎಂಟಡಿಗೆ ನಾಲ್ಕಡಿಯ ಮ್ಯಾಟ್‌ಗಳನ್ನು ಪಕ್ಕಪಕ್ಕ ಜೋಡಿಸಿದ್ದಾರೆ ಎಂದುಕೊಳ್ಳಿ. ಬೆಳಿಗ್ಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಜನ ಬಿದ್ದ ಹಾಗೆಲ್ಲ ಪ್ರತಿ ಮ್ಯಾಟೂ ಒಂದಿಷ್ಟು ಸರಿಯುತ್ತದೆ. ಸಂಜೆ ಐದರ ಹೊತ್ತಿಗೆ ಎರಡರ ನಡುವೆ ಮೂರು ಬೆರಳು ಹಿಡಿಸುವಷ್ಟು ಸಂದು. ಮೇಲಿನಿಂದ ನೋಡಿದರೆ ಒಂದು ಕಪ್ಪು ಗೆರೆ ಅಷ್ಟೆ. ಬಿದ್ದವರ ಹಿಮ್ಮಡಿ ಒಂದು ಮ್ಯಾಟಿನ ಅಂಚಿಗೆ ತಗಲುತ್ತದೆ. ಅಂಚಿನ ಫೋಮ್‌ಗೆ ಪಕ್ಕದಿಂದ ಆಸರೆಯಿಲ್ಲ, ಅದು ಸಂದಿನ ಕಡೆಗೆ ವಾಲುತ್ತದೆ. ಪಾದದ ಹೊರಬದಿ ಆ ಇಳಿಜಾರಿನಲ್ಲಿ ಜಾರಿ, ಅಂಗಾಲು ಒಳಮುಖವಾಗಿ ಮಗುಚುತ್ತದೆ. ಮೈಭಾರ ಪೂರ್ತಿ ಕೀಲಿನ ಹೊರಬದಿಯ ಲಿಗಮೆಂಟಿನ ಮೇಲೆ ಬರುತ್ತದೆ. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಎತ್ತರ ನಾಲ್ಕಡಿ ಇದ್ದರೂ ಸಾಕು ಇದಕ್ಕೆ.

ಆದ್ದರಿಂದ ಒಳ್ಳೆಯ ಜಿಮ್‌ಗಳಲ್ಲಿ ಒಳಗಿನ ಫೋಮ್ ತುಂಡುತುಂಡಾಗಿದ್ದರೂ ಮೇಲಿನ ಹೊದಿಕೆ ಇಡೀ ನೆಲಕ್ಕೆ ಒಂದೇ. ಅಷ್ಟು ದೊಡ್ಡ ಹೊದಿಕೆ ಕೈಗೆಟುಕದಿದ್ದರೆ, ಪ್ರತಿ ಸಂದಿನ ಮೇಲೂ ಒಂದಡಿ ಅಗಲದ ರೆಕ್ಸಿನ್ ಪಟ್ಟಿಯನ್ನು ಎರಡೂ ಬದಿಗೆ ಅಗಲವಾದ ವೆಲ್ಕ್ರೋ ಹಾಕಿ ಅಂಟಿಸಬೇಕು. ಎರಡು ಪದರ ಫೋಮ್ ಹಾಕುವುದಾದರೆ ಮೇಲಿನ ಪದರದ ಸಂದು ಕೆಳಗಿನ ಪದರದ ಸಂದಿನ ನೇರಕ್ಕೆ ಬರಬಾರದು, ಗಾರೆಯವರು ಇಟ್ಟಿಗೆ ಕಟ್ಟುವಾಗ ಬಿಡುವ ಹಾಗೆ ಸರಿಸಿ ಇಡಬೇಕು. ಇಡೀ ಹಾಸು ಜರುಗದಂತೆ ಹೊರ ಅಂಚಿಗೆ ಮರದ ಚೌಕಟ್ಟು ಕೊಟ್ಟು, ಆ ಮರದ ಮೇಲೂ ಫೋಮ್ ಸುತ್ತಿ ಹೊದಿಕೆ ಹಾಕಬೇಕು. ಗೋಡೆಯ ಬುಡದಲ್ಲಿ ಉಳಿಯುವ ಸಂದನ್ನು ಯಾರೂ ಗಮನಿಸುವುದಿಲ್ಲ. ಗೋಡೆಗೆ ಮೈ ಸವರಿಕೊಂಡು ಜಾರುವವರ ಮುಂಗಾಲು ಸೀದಾ ಅಲ್ಲಿಗೇ ಹೋಗುತ್ತದೆ. ಹೊದಿಕೆಯ ಅಂಚನ್ನು ಗೋಡೆಯ ಮೇಲಕ್ಕೆ ಒಂದು ಗೇಣು ಹತ್ತಿಸಿ ಪಟ್ಟಿ ಹೊಡೆದರೆ ಆ ಸಂದು ಮುಚ್ಚುತ್ತದೆ.

ಹಾಸು ಎಷ್ಟು ದೂರದವರೆಗೆ ಇರಬೇಕು ಎಂದು ಅಳೆಯುವಾಗ ಗೋಡೆಯ ಬುಡದಿಂದ ಅಳೆಯಬೇಡಿ. ಗೋಡೆ ಮುಂದಕ್ಕೆ ಬಾಗಿದ್ದರೆ ಅತ್ಯಂತ ಮುಂದಿರುವ ಹೋಲ್ಡ್‌ನಿಂದ ತೂಗುಗುಂಡು ಇಳಿಬಿಟ್ಟು, ಅದು ಮುಟ್ಟಿದ ಜಾಗದಿಂದ ಆಚೆಗೆ 2ರಿಂದ 2.5 ಮೀಟರ್ ಇರಲಿ. ಬದಿಗಳಲ್ಲೂ ಹತ್ತಿರ ಹತ್ತಿರ ಅಷ್ಟೇ ಬಿಡುವುದು ಒಳ್ಳೆಯದು, ಯಾಕೆಂದರೆ ಎಗರಿ ಹಿಡಿಯಲು ಹೋಗಿ ತಪ್ಪಿದವರು ಉಯ್ಯಾಲೆಯಾಡಿ ಪಕ್ಕಕ್ಕೆ ಬೀಳುತ್ತಾರೆ. ಈ ಜಾಗದಲ್ಲಿ ಕಂಬ, ಬೆಂಚು, ಶೂ ಇಡುವ ಸ್ಟ್ಯಾಂಡ್, ಕಿಟಕಿಯ ಮೂಲೆ ಯಾವುದೂ ಬರಕೂಡದು.

ಮಳೆ, ಬಿಸಿಲು, ಇಲಿ

ನಮ್ಮ ಕಡೆ ಮ್ಯಾಟ್ ಹಾಳಾಗುವುದು ಬೀಳುವವರಿಂದ ಮಾತ್ರವಲ್ಲ. ಜೂನ್‌ನಿಂದ ಹಿಂಗಾರು ಮುಗಿಯುವ ತನಕ ನೆಲದ ಥಂಡಿ ಕೆಳಗಿನಿಂದ ಏರಿ ಫೋಮ್ ಹೀರಿಕೊಳ್ಳುತ್ತದೆ. ಒದ್ದೆ ಫೋಮ್‌ನಲ್ಲಿ ಬೂಸ್ಟು ಹಿಡಿಯುತ್ತದೆ, ಗೂಡುಗಳಲ್ಲಿ ನೀರು ನಿಂತು ಗಾಳಿ ಆಡುವುದಿಲ್ಲ. ಸಿಮೆಂಟ್ ನೆಲದ ಮೇಲೆ ನೇರ ಹಾಸದೆ, ಅಡಿಯಲ್ಲಿ ಮರದ ಪಟ್ಟಿಗಳ ಮೇಲೆ ಪ್ಲೈವುಡ್ ಕೂರಿಸಿ ಒಂದೆರಡು ಇಂಚು ಗಾಳಿಯಾಡಲು ಬಿಟ್ಟರೆ ಬಾಳಿಕೆ ಬರುತ್ತದೆ. ಹಾಗೆ ಎತ್ತರಿಸಿದ ಕಡೆ ಹೆಗ್ಗಣ, ಇಲಿ ಗೂಡು ಮಾಡುತ್ತವೆ, ಆದ್ದರಿಂದ ಬದಿಗಳಿಗೆ ತಂತಿಬಲೆ ಹೊಡೆಯಿರಿ, ಮರಕ್ಕೆ ಗೆದ್ದಲು ಔಷಧಿ ಬಳಿಸಿ. ತಗಡಿನ ಶೆಡ್‌ನಲ್ಲಿ ಗೋಡೆ ಇದ್ದರೆ ಮಂಡ್ಯದ ಏಪ್ರಿಲ್ ಬಿಸಿಲಿಗೆ ಫೋಮ್ ಇನ್ನಷ್ಟು ಮೆದುವಾಗುತ್ತದೆ. ಬೆಳಿಗ್ಗೆ ಸರಿಯಿದ್ದ ಮ್ಯಾಟ್ ಮಧ್ಯಾಹ್ನ ಮೂರಕ್ಕೆ ತಳ ಮುಟ್ಟಬಹುದು. ಪರೀಕ್ಷೆ ಮಾಡುವುದಾದರೆ ಬಿಸಿಲಿನ ಹೊತ್ತಿನಲ್ಲೇ ಮಾಡಿ.

ಪರೀಕ್ಷೆಗೆ ಯಂತ್ರ ಬೇಕಿಲ್ಲ. ಮ್ಯಾಟಿನ ಮೇಲೆ ಒಂದು ಮಂಡಿಯೂರಿ, ಇನ್ನೊಂದು ಕಾಲನ್ನು ಎತ್ತಿ, ಇಡೀ ಭಾರವನ್ನು ಆ ಮಂಡಿಗೆ ಬಿಡಿ. ಮಂಡಿಗೆ ಕೆಳಗಿನ ನೆಲ ತಗಲಿದ ಅನುಭವವಾದರೆ ಆ ಜಾಗದ ಫೋಮ್ ಮುಗಿದಿದೆ. ಗೋಡೆಯ ಮಧ್ಯದ ಎರಡು ಮೂರು ಕಡೆ, ಅದರಲ್ಲೂ ಕಷ್ಟದ ಹೋಲ್ಡ್‌ಗಳ ಕೆಳಗೆ, ಹೀಗಾಗುವುದು ಮೊದಲು. ಮ್ಯಾಟ್ ಹಾಸಿದ ದಿನವೇ ಅಂಚಿನಲ್ಲಿ ದಪ್ಪದ ಗುರುತು ಮಾಡಿಟ್ಟುಕೊಳ್ಳಿ. ಹತ್ತರಲ್ಲಿ ಒಂದು ಪಾಲು ಶಾಶ್ವತವಾಗಿ ಕುಸಿದ ತುಂಡನ್ನು ಬೀಳುವ ಜಾಗದಿಂದ ತೆಗೆದು ಹೊಸದು ಹಾಕಿ. ಮೂರು ತಿಂಗಳಿಗೊಮ್ಮೆ ನಡುವಿನ ತುಂಡುಗಳನ್ನು ಅಂಚಿಗೂ ಅಂಚಿನವನ್ನು ನಡುವಿಗೂ ಬದಲಾಯಿಸುತ್ತಿದ್ದರೆ ಸವೆತ ಸಮನಾಗಿ ಹಂಚಿಹೋಗುತ್ತದೆ. ಸಂದು ತಳ್ಳಿ ಸೇರಿಸುವುದು, ವೆಲ್ಕ್ರೋ ಒತ್ತುವುದು, ಹೊದಿಕೆಯ ಹರುಕು ನೋಡುವುದು ದಿನಾ ಬಾಗಿಲು ತೆರೆಯುವ ಮುಂಚಿನ ಕೆಲಸ.

ಹತ್ತುವವರು ಕೈಗೆ ಹಚ್ಚಿಕೊಳ್ಳುವ ಚಾಕ್ ಪೌಡರ್ ಕೂತ ರೆಕ್ಸಿನ್ ಜಾರುತ್ತದೆ. ವ್ಯಾಕ್ಯೂಮ್ ಹಾಕಿ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ. ಬಕೆಟ್ ನೀರು ಸುರಿಯಬೇಡಿ, ಥಿನ್ನರ್ ಮುಟ್ಟಿಸಬೇಡಿ. ಇನ್ನೊಂದು ಮಾತು: ಪಾಲಿಯುರೆಥೇನ್ ಫೋಮ್‌ಗೆ ಬೆಂಕಿ ಹತ್ತಿದರೆ ನಿಮಿಷಗಳಲ್ಲಿ ಉಸಿರುಗಟ್ಟಿಸುವ ವಿಷದ ಹೊಗೆ ತುಂಬುತ್ತದೆ. ಪ್ಲಗ್ ಪಾಯಿಂಟ್, ಎಕ್ಸ್‌ಟೆನ್ಷನ್ ವೈರ್ ಮ್ಯಾಟಿನ ಹತ್ತಿರ ಸುಳಿಯಬಾರದು. ಆಯುಧಪೂಜೆಯ ದಿನ ಕರ್ಪೂರ, ದೀಪ ಹಚ್ಚುವುದನ್ನು ಹೊರಗಿನ ವರಾಂಡದಲ್ಲಿ ಇಟ್ಟುಕೊಳ್ಳಿ.

ಬೀಳುವುದನ್ನು ಕಲಿಸಬೇಕು

ಹೊಸಬರಿಗೆ ಮೊದಲ ದಿನ ಹತ್ತುವುದಕ್ಕಿಂತ ಮುಂಚೆ ಬೀಳುವುದನ್ನು ಕಲಿಸಬೇಕು. ಮ್ಯಾಟ್ ಮೇಲೆ ನಿಂತು, ಪಾದಗಳನ್ನು ಸೊಂಟದಗಲಕ್ಕೆ ಇಟ್ಟು, ಮಂಡಿ ಬಾಗಿಸಿ ಕುಕ್ಕರುಗಾಲಿಗೆ ಬಂದು, ಹಾಗೆಯೇ ಹಿಂದಕ್ಕೆ ಕೂತು ಬೆನ್ನ ಮೇಲೆ ಉರುಳಬೇಕು. ಗದ್ದ ಎದೆಗೆ ಅಂಟಿರಲಿ, ತಲೆ ನೆಲಕ್ಕೆ ಬಡಿಯಬಾರದು. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿರಲಿ. ಇದು ಹತ್ತು ಸಲ ಆದ ಮೇಲೆ ಒಂದಡಿ ಎತ್ತರದ ಹೋಲ್ಡ್‌ನಿಂದ, ಆಮೇಲೆ ಮೂರಡಿಯಿಂದ. ಇಷ್ಟಕ್ಕೆ ಇಪ್ಪತ್ತು ನಿಮಿಷ ಸಾಕು.

ಎಲ್ಲಕ್ಕಿಂತ ಕಷ್ಟ ಕೈಯನ್ನು ಹಿಂದಕ್ಕೆ ಊರದೆ ಇರುವುದು. ಬೀಳುವಾಗ ಕೈ ಚಾಚುವುದು ಹುಟ್ಟುಗುಣ. ಮೊಣಕೈ ಸೆಟೆದು ಅಂಗೈ ಊರಿದರೆ ಆ ಹೊಡೆತ ಮಣಿಕಟ್ಟಿನಿಂದ ಮೊಣಕೈಗೆ, ಅಲ್ಲಿಂದ ಭುಜಕ್ಕೆ ಏರುತ್ತದೆ. ಮಣಿಕಟ್ಟು ಮುರಿಯುವುದು, ಮೊಣಕೈ ಕೀಲು ತಪ್ಪುವುದು ಹೀಗೆ. ಮಕ್ಕಳಲ್ಲಿ ಇದು ಜಾಸ್ತಿ. ಮಂಡಿ ಸೆಟೆದು ನೆಟ್ಟಗೆ ನಿಲ್ಲಲು ನೋಡುವುದು ಎರಡನೆಯ ತಪ್ಪು, ಅದರ ಹೊಡೆತ ಹಿಮ್ಮಡಿಗೆ, ಬೆನ್ನುಮೂಳೆಗೆ. ‘ಚೆನ್ನಾಗಿ ನಿಂತ’ ಎಂದು ಚಪ್ಪಾಳೆ ತಟ್ಟುವುದನ್ನು ನಿಲ್ಲಿಸಿ, ಚೆನ್ನಾಗಿ ಉರುಳಿದವರಿಗೆ ತಟ್ಟಿ.

ಗೋಡೆಯ ಆಕಾರಕ್ಕೆ ತಕ್ಕಂತೆ ಬೀಳುವುದೂ ಬದಲಾಗುತ್ತದೆ. ಮುಂದಕ್ಕೆ ಬಾಗಿದ ಗೋಡೆಯಿಂದ ಕಾಲು ಮೊದಲು ಜಾರಿದರೆ ಕೆಳಕ್ಕೆ ಬರುವುದು ಕಾಲೇ, ಕೈ ಮೊದಲು ಜಾರಿದರೆ ಬೆನ್ನು. ಹಿಂದಕ್ಕೆ ವಾಲಿದ ಗೋಡೆಯಲ್ಲಿ ಕೆಳಗಿನ ಹೋಲ್ಡ್‌ಗಳಿಗೆ ಮಂಡಿ, ಗದ್ದ ತಾಗುತ್ತವೆ, ಅಲ್ಲಿ ಅಂಗೈಯಿಂದ ಗೋಡೆಯನ್ನು ಸ್ವಲ್ಪ ದೂಡಿ ಆಚೆ ಬರುವುದು ಮೇಲು. ಇಳಿಯಲು ಸಾಧ್ಯವಿದ್ದಾಗಲೆಲ್ಲ ಹತ್ತಿದ ಹಾಗೇ ಇಳಿಯಿರಿ, ಕಡೆಯ ಮೂರ್ನಾಲ್ಕು ಅಡಿ ಮಾತ್ರ ಜಿಗಿಯಿರಿ. ತುದಿ ಮುಟ್ಟಿದ ಖುಷಿಗೆ ಮೇಲಿನಿಂದಲೇ ಹಾರಿದವರ ಕಾಲೇ ಹೆಚ್ಚು ಉಳುಕುವುದು.

ಮ್ಯಾಟ್ ಮೇಲೆ ನೀರಿನ ಬಾಟಲಿ, ಬ್ರಶ್, ಫೋನ್ ಬಿಡಬೇಡಿ. ಜೇಬಿನಲ್ಲಿ ಗಾಡಿ ಕೀ ಇಟ್ಟುಕೊಂಡು ಹತ್ತಬೇಡಿ. ಉಂಗುರವನ್ನಂತೂ ಬಿಚ್ಚಲೇಬೇಕು, ಹೋಲ್ಡ್‌ಗೆ ಸಿಕ್ಕಿಕೊಂಡರೆ ಬೆರಳಿನ ಚರ್ಮವನ್ನೇ ಸುಲಿದುಬಿಡುತ್ತದೆ. ಬಳೆ, ಸರ, ಮಾಂಗಲ್ಯ, ಉದ್ದನೆಯ ವೇಲ್‌ಗೂ ಇದೇ ಮಾತು. ಹತ್ತುತ್ತಿರುವವರ ಕೆಳಗೆ ಯಾರೂ ಕೂರಬಾರದು, ನಡೆಯಬಾರದು. ಚಿಕ್ಕ ಮಕ್ಕಳಿಗೆ ಮ್ಯಾಟ್ ಎಂದರೆ ಆಟದ ಬಯಲು, ಓಡಾಡಿಬಿಡುತ್ತಾರೆ. ಎಪ್ಪತ್ತು ಕಿಲೋ ಮನುಷ್ಯ ಮೇಲಿಂದ ಮಗುವಿನ ಮೇಲೆ ಬಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯರೊಬ್ಬರು ಮಕ್ಕಳ ಕಡೆಗೇ ಕಣ್ಣಿಟ್ಟಿರಬೇಕು, ಫೋನಿನ ಕಡೆಗಲ್ಲ.

ಹಗ್ಗದ ಗೋಡೆಯ ಲೆಕ್ಕ ಬೇರೆ

ಹತ್ತು ಹನ್ನೆರಡು ಮೀಟರ್ ಗೋಡೆಯ ಕೆಳಗೆ ಎಷ್ಟು ದಪ್ಪ ಮ್ಯಾಟ್ ಹಾಕಿದರೂ ಮೇಲಿಂದ ಬಿದ್ದವರನ್ನು ಅದು ಕಾಪಾಡುತ್ತದೆ ಎಂದು ನಂಬಬಾರದು. ಹನ್ನೆರಡು ಮೀಟರ್‌ನಿಂದ ಬಿದ್ದರೆ ವೇಗ ಗಂಟೆಗೆ 55 ಕಿ.ಮೀ. ಅಲ್ಲಿ ಕಾಯುವುದು ಹಗ್ಗ, ಹಾರ್ನೆಸ್, ಹಗ್ಗ ಹಿಡಿದವರ ಗಮನ. ಕೆಳಗಿನ ಹಾಸು ಇರುವುದು ಮೊದಲ ಎರಡು ಮೂರು ಮೀಟರ್‌ಗೆ.

ಆ ಮೊದಲ ಎರಡು ಮೀಟರ್ ಯಾಕೆ ಅಪಾಯ ಎಂದರೆ ಹಗ್ಗ ಹಿಗ್ಗುತ್ತದೆ. ಕ್ಲೈಂಬಿಂಗ್‌ನ ಡೈನಾಮಿಕ್ ಹಗ್ಗ 80 ಕಿಲೋ ಭಾರಕ್ಕೆ ನೂರಕ್ಕೆ ಹತ್ತರವರೆಗೆ ಹಿಗ್ಗಲು ಮಾನದಂಡದಲ್ಲೇ ಅವಕಾಶವಿದೆ. ಹನ್ನೆರಡು ಮೀಟರ್ ಗೋಡೆಯ ಬುಡದಲ್ಲಿ ಹತ್ತುವವರು ನಿಂತಾಗ, ಮೇಲೆ ಹೋಗಿ ಕೆಳಗೆ ಬಂದ ಹಗ್ಗದ ಉದ್ದ ಇಪ್ಪತ್ತು ಮೀಟರ್ ದಾಟಿರುತ್ತದೆ. ಆಗ ಜಾರಿದರೆ ಹಿಗ್ಗುವಿಕೆಯೇ ಒಂದೂವರೆ ಮೀಟರ್ ಆದೀತು, ಜೊತೆಗೆ ಅರ್ಧ ಮೀಟರ್ ಸಡಿಲವಿದ್ದರೆ ನೆಲ ಮುಟ್ಟಿಯಾಯಿತು. ಹಾಗಾಗಿ ಮೊದಲ ಕೆಲವು ಹೆಜ್ಜೆಗೆ ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು.

ಹಗ್ಗ ಹಿಡಿಯುವವರ ಕೆಲಸವನ್ನು ತಾನೇ ಮಾಡುವ ಆಟೋ ಬಿಲೇ ಯಂತ್ರ ಇರುವ ಕಡೆ ದೊಡ್ಡ ಅಪಾಯ ಯಂತ್ರ ಕೆಡುವುದಲ್ಲ, ಹತ್ತುವವರು ಕ್ಲಿಪ್ ಹಾಕಿಕೊಳ್ಳುವುದನ್ನೇ ಮರೆಯುವುದು. ಅನುಭವಸ್ಥರೇ ಮರೆಯುತ್ತಾರೆ, ಒಂದೇ ಕೆಲಸವನ್ನು ಇಪ್ಪತ್ತನೆಯ ಸಲ ಮಾಡುವಾಗ ಕೈ ಮಾಡಿದೆಯೆಂದು ಮನಸ್ಸು ನಂಬಿಬಿಡುತ್ತದೆ. ದಾರಿಯ ಬುಡಕ್ಕೆ ಅಡ್ಡವಾಗಿ ಗಾಢ ಬಣ್ಣದ ತ್ರಿಕೋನ ಟಾರ್ಪಾಲ್ ಕಟ್ಟಿ, ಯಂತ್ರದ ಕ್ಲಿಪ್ಪನ್ನು ಅದಕ್ಕೇ ಸಿಕ್ಕಿಸಿಟ್ಟರೆ, ಅದನ್ನು ಬಿಚ್ಚದೆ ಹತ್ತಲು ಆಗುವುದಿಲ್ಲ. ಇಂಥ ಗೇಟ್ ಇಲ್ಲದ ಆಟೋ ಬಿಲೇಗೆ ಮಕ್ಕಳನ್ನು ಕಳಿಸಬೇಡಿ.

ಒಟ್ಟಾರೆ ನೋಡಿದರೆ ಒಳಾಂಗಣ ಕ್ಲೈಂಬಿಂಗ್ ಅಷ್ಟೇನೂ ಅಪಾಯದ ಆಟವಲ್ಲ. ಜರ್ಮನಿಯಲ್ಲಿ ವೈದ್ಯ ಫೋಲ್ಕರ್ ಶೋಫ್ಲ್ ಮತ್ತು ಸಂಗಡಿಗರು ಐದು ವರ್ಷ ಲೆಕ್ಕ ಇಟ್ಟು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 5,15,337 ಭೇಟಿಗಳಿಗೆ ಸಿಕ್ಕಿದ್ದು 30 ಗಾಯ. ಅಲ್ಲಿನ ಗೋಡೆ, ಹಾಸು, ತರಬೇತಿ, ಉಸ್ತುವಾರಿ ಎಲ್ಲವೂ ಅಚ್ಚುಕಟ್ಟಾಗಿದ್ದಾಗ ಬಂದ ಸಂಖ್ಯೆ ಅದು. ಬರೀ ಗೋಡೆ ತಂದು ನಿಲ್ಲಿಸಿದರೆ ಆ ಸಂಖ್ಯೆ ಜೊತೆಗೆ ಬರುವುದಿಲ್ಲ.

ಪೆಟ್ಟಾದ ಮೇಲೆ

ತಲೆ, ಕತ್ತು, ಬೆನ್ನಿನ ಮೇಲೆ ಬಿದ್ದು ನೋವು ಎನ್ನುವವರನ್ನು ಎಬ್ಬಿಸಿ ಕೂರಿಸಬೇಡಿ, ನೀರು ಕುಡಿಸಬೇಡಿ. ನಮ್ಮ ಜನರ ಮೊದಲ ಕೆಲಸ ಕಂಕುಳಿಗೆ ಕೈ ಕೊಟ್ಟು ಎತ್ತುವುದು. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಅದರಿಂದ ಬೆನ್ನುಹುರಿಗೂ ಏಟು ಬೀಳಬಹುದು. ಮಲಗಿದ್ದ ಹಾಗೇ ಇರಲಿ. ಒಬ್ಬರು ತಲೆಯ ಎರಡೂ ಬದಿ ಕೈಯಿಟ್ಟು ಅಲ್ಲಾಡದಂತೆ ಹಿಡಿದುಕೊಳ್ಳಲಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕೈಕಾಲಿನಲ್ಲಿ ಜೋಮು, ಶಕ್ತಿಯಿಲ್ಲದಿರುವುದು, ಮತ್ತೆ ಮತ್ತೆ ವಾಂತಿ, ಮಂಕು, ಕೇಳಿದ್ದನ್ನೇ ಕೇಳುವುದು ಕಂಡರೆ ಕಾಯುವ ಮಾತೇ ಇಲ್ಲ. ಆಂಬುಲೆನ್ಸ್ ಒಳಗೆ ಬರುವ ದಾರಿಯಲ್ಲಿ ಬೈಕುಗಳು ನಿಂತಿರಬಾರದು ಎಂಬುದನ್ನು ಜಿಮ್ ನಡೆಸುವವರು ಮೊದಲೇ ನೋಡಿಕೊಳ್ಳಬೇಕು. ಜಿಮ್‌ನ ಪೂರ್ತಿ ವಿಳಾಸ, ಹತ್ತಿರದ ಗುರುತು, ರಾತ್ರಿಯೂ ಮೂಳೆ ವೈದ್ಯರಿರುವ ಆಸ್ಪತ್ರೆಯ ಫೋನ್ ನಂಬರು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಇರಲಿ.

ಕಾಲು ಉಳುಕಿದ್ದರೆ ಮೊದಲು ಕ್ಲೈಂಬಿಂಗ್ ಶೂ ಬಿಚ್ಚಿ. ಅವು ಬಿಗಿಯಾಗಿರುತ್ತವೆ, ಊತ ಬಂದ ಮೇಲೆ ಬಿಚ್ಚುವುದು ನರಕ. ಕಾಲು ಸೊಟ್ಟಗೆ ಕಾಣುತ್ತಿದ್ದರೆ ಮಾತ್ರ ಶೂ ಎಳೆಯದೆ, ಇದ್ದ ಹಾಗೇ ಆಸರೆ ಕೊಟ್ಟು ಕರೆದೊಯ್ಯಿರಿ. ಉಳುಕೋ ಮುರಿತವೋ ಎಂದು ತಿಳಿಯಲು ಕೆನಡಾದ ಒಟ್ಟಾವಾ ನಗರದಲ್ಲಿ ವೈದ್ಯರು ರೂಪಿಸಿದ ನಿಯಮ ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ. ಪಾದದ ಕೀಲಿನ ಎರಡೂ ಬದಿ ಎದ್ದು ಕಾಣುವ ಮೂಳೆಗುಬ್ಬುಗಳ ಹಿಂಬದಿ ಅಥವಾ ತುದಿ ಒತ್ತಿದರೆ ನೋವು, ಕಿರುಬೆರಳ ಕಡೆಯಿಂದ ಪಾದದ ನಡುವಿಗೆ ಬಂದಾಗ ಹೊರ ಅಂಚಿನಲ್ಲಿ ಸಿಗುವ ಗಂಟು ಒತ್ತಿದರೆ ನೋವು, ಪಾದದ ಒಳಬದಿ ಕಮಾನಿನ ಮೇಲಿನ ಮೂಳೆ ಒತ್ತಿದರೆ ನೋವು, ಅಥವಾ ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲು ಆಗದಿರುವುದು. ಇವುಗಳಲ್ಲಿ ಒಂದಿದ್ದರೂ ಎಕ್ಸ್‌ರೇ ಬೇಕು. ಚಿಕ್ಕ ಮಕ್ಕಳಿಗೆ ಈ ನಿಯಮ ನಂಬಿ ಕೂರಬೇಡಿ, ಅವರ ಮೂಳೆಯ ತುದಿಗಳಲ್ಲಿ ಇನ್ನೂ ಬೆಳೆಯುವ ಭಾಗವಿರುತ್ತದೆ, ಅನುಮಾನ ಬಂದರೆ ತೋರಿಸಿಬಿಡಿ. ಕೈ ಊರಿ ಬಿದ್ದವರಿಗೆ ಹೆಬ್ಬೆರಳ ಬುಡದ ಗುಳಿಯಲ್ಲಿ ನೋವಿದ್ದರೂ ಹೀಗೆಯೇ. ಅಲ್ಲಿನ ಪುಟ್ಟ ಮೂಳೆಯ ಮುರಿತ ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗಬಹುದು, ಹತ್ತು ಹದಿನಾಲ್ಕು ದಿನಕ್ಕೆ ಇನ್ನೊಮ್ಮೆ ತೆಗೆಸಬೇಕಾಗುತ್ತದೆ.

ಉಳುಕಿದ ಕಾಲಿಗೆ ಎಣ್ಣೆ ಹಚ್ಚಿ ನೀವುವುದು ನಮ್ಮ ಮನೆಗಳ ರೂಢಿ. ಮೊದಲ ಎರಡು ಮೂರು ದಿನ ಅದು ಬೇಡವೇ ಬೇಡ, ಒಳಗಿನ ರಕ್ತಸ್ರಾವ, ಊತ ಜಾಸ್ತಿಯಾಗುತ್ತದೆ. ಬಿಸಿ ಶಾಖವೂ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್ ಒಮ್ಮೆಗೆ 15 ನಿಮಿಷ, ಕ್ರೇಪ್ ಬ್ಯಾಂಡೇಜ್, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಡುವುದು, ಇಷ್ಟು ಸಾಕು. ನಾಟಿ ಕಟ್ಟು ಕಟ್ಟಿಸುವ ಮನಸ್ಸಿದ್ದವರು ಅದಕ್ಕೆ ಮುಂಚೆ ಎಕ್ಸ್‌ರೇ ತೆಗೆಸಿ ವೈದ್ಯರಿಗೆ ತೋರಿಸಲೇಬೇಕು. ಮುರಿದು ಸರಿದ ಮೂಳೆಯ ಮೇಲೆ ಬಿಗಿ ಕಟ್ಟು ಬಿದ್ದು ಬೆರಳುಗಳಿಗೆ ರಕ್ತ ಹರಿಯದೇ ಹೋದರೆ ಕಾಲಿಗೇ ಕುತ್ತು. ಕಟ್ಟು ಯಾವುದೇ ಇರಲಿ, ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ ತಕ್ಷಣ ಸಡಿಲಿಸಬೇಕು.

ಊತ ಇಳಿದು ನೋವು ಹೋದ ಕೂಡಲೇ ಗೋಡೆಗೆ ಮರಳುವುದು ತಪ್ಪು. ಒಮ್ಮೆ ಉಳುಕಿದ ಕೀಲು ಸಮತೋಲದ ಅರಿವನ್ನು ಕಳೆದುಕೊಂಡಿರುತ್ತದೆ, ಅದಕ್ಕೇ ಅದೇ ಕಾಲು ಮತ್ತೆ ಮತ್ತೆ ಉಳುಕುವುದು. ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸವನ್ನು ದಿನಾ ಮಾಡಿ, ಮೊದಲು ಕಣ್ಣು ತೆರೆದು, ಆಮೇಲೆ ಕಣ್ಣು ಮುಚ್ಚಿ. ಪೆಟ್ಟಾದ ಕಾಲಲ್ಲಿ ಅರ್ಧ ನಿಮಿಷ ಅಲ್ಲಾಡದೆ ನಿಂತು, ಅದೇ ಕಾಲಲ್ಲಿ ಹತ್ತು ಸಲ ನೋವಿಲ್ಲದೆ ಕುಪ್ಪಳಿಸಲು ಬಂದ ಮೇಲೆ ಬೌಲ್ಡರಿಂಗ್. ಅಲ್ಲಿಯವರೆಗೆ ಹತ್ತಲೇಬೇಕೆಂದರೆ ಮೇಲಿನಿಂದ ಹಗ್ಗ ಕಟ್ಟಿದ ಗೋಡೆ, ಹಗ್ಗ ಹಿಡಿದವರಿಗೆ ‘ನಿಧಾನಕ್ಕೆ ಇಳಿಸಿ, ಈ ಕಾಲಿಗೆ ಪೆಟ್ಟಾಗಿದೆ’ ಎಂದು ಮೊದಲೇ ಹೇಳಿ.